ಕೊಳ್ಳಲು ಅಂಗಡಿಯೇ ಇಲ್ಲದ ವಿಮಾನ

2025ರ ಸೆಪ್ಟೆಂಬರಿನಲ್ಲಿ ಚೀನಾದ ಸರ್ಕಾರಿ ಟಿ.ವಿ. ಒಂದು ದೃಶ್ಯ ತೋರಿಸಿತು. ಫುಜಿಯಾನ್ ಎಂಬ ಹೊಸ ವಿಮಾನವಾಹಕ ನೌಕೆಯ ಡೆಕ್ಕಿನ ಮೇಲೆ ಬೂದುಬಣ್ಣದ ಅವಳಿ ಎಂಜಿನ್ ವಿಮಾನವೊಂದು ನಿಂತಿದೆ. ವಿದ್ಯುತ್ಕಾಂತೀಯ ಕ್ಯಾಟಪಲ್ಟ್ ಅದರ ಮುಂಗಾಲು ಹಿಡಿದು ಎಳೆಯುತ್ತದೆ. ರೆಪ್ಪೆ ಬಡಿಯುವಷ್ಟರಲ್ಲಿ ವಿಮಾನ ಡೆಕ್ ದಾಟಿ ಸಮುದ್ರದ ಮೇಲಿದೆ. ಅದು ಜೆ-35. ಮಧ್ಯಮ ತೂಕದ್ದು, ರೇಡಾರಿನ ಕಣ್ಣಿಗೆ ಸುಲಭಕ್ಕೆ ಬೀಳದ್ದು. ಕ್ಯಾಟಪಲ್ಟಿನಿಂದ ಚಿಮ್ಮುವ ಸ್ಟೆಲ್ತ್ ಯುದ್ಧವಿಮಾನ ಅದುವರೆಗೆ ಅಮೆರಿಕದ ಬಳಿ ಮಾತ್ರ ಇತ್ತು. ನವೆಂಬರ್ 5ರಂದು ಫುಜಿಯಾನ್ ಚೀನಾದ ನೌಕಾಪಡೆಗೆ ವಿಧ್ಯುಕ್ತವಾಗಿ ಸೇರ್ಪಡೆಯೂ ಆಯಿತು.

ಆ ದೃಶ್ಯ ನಮ್ಮ ಮೊಬೈಲುಗಳಿಗೆ ಬಂದ ದಿನದಿಂದ ಒಂದೇ ಮಾತು ಎಲ್ಲ ಕಡೆ ಕೇಳುತ್ತಿದೆ. ಟಿ.ವಿ. ಚರ್ಚೆಗಳಲ್ಲಿ, ನಿವೃತ್ತ ಅಧಿಕಾರಿಗಳ ಅಂಕಣಗಳಲ್ಲಿ, ಬೆಳಗಿನ ವಾಕಿಂಗ್ ಮುಗಿಸಿ ಕಾಫಿಗೆ ಕೂತ ಗೆಳೆಯರ ನಡುವೆ. "ಚೀನಾ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ನಾವು ನಲವತ್ತು ವರ್ಷದಿಂದ ತೇಜಸ್ ತೇಜಸ್ ಅನ್ನುತ್ತ ಕೂತಿದ್ದೇವೆ. ನೌಕಾಪಡೆಗೆಂದು ಮಾಡಿದ ತೇಜಸ್ಸನ್ನು ನೌಕಾಪಡೆಯೇ ಬೇಡ ಅಂದಿತು. ನಮ್ಮ ಕೈಲಿ ಆಗುವ ಕೆಲಸ ಅಲ್ಲ ಇದು. ಸ್ಟೆಲ್ತ್ ವಿಮಾನ ಬೇಕಾದರೆ ಹೊರಗಿನಿಂದ ಕೊಂಡುಬಿಡೋಣ." ಇದನ್ನು ಹೇಳುವವರು ದೇಶದ ಬಗ್ಗೆ ಅಕ್ಕರೆ ಇಲ್ಲದವರೇನಲ್ಲ. ಹಿಂದೂ ಮಹಾಸಾಗರದಲ್ಲಿ ಚೀನಾದ ಹಡಗುಗಳ ಓಡಾಟ ಹೆಚ್ಚುತ್ತಿರುವುದು ಅವರಿಗೆ ಗೊತ್ತು. ನಮ್ಮ ವಿಮಾನವಾಹಕ ನೌಕೆಗಳಾದ ವಿಕ್ರಾಂತ್ ಮತ್ತು ವಿಕ್ರಮಾದಿತ್ಯದ ಡೆಕ್ಕಿನ ಮೇಲಿರುವ ರಷ್ಯದ ಮಿಗ್-29ಕೆಗಳು ಹಳತಾಗುತ್ತಿರುವುದೂ ಗೊತ್ತು. ಕಾಯುವಷ್ಟು ಸಮಯ ಇಲ್ಲ ಅನ್ನುವುದು ಅವರ ಆತಂಕ. ಆ ಆತಂಕಕ್ಕೆ ನನ್ನ ಗೌರವ ಇದೆ. ಅದರಿಂದ ಅವರು ತಲುಪಿದ ತೀರ್ಮಾನ ಮಾತ್ರ ಬುಡದಿಂದಲೇ ತಪ್ಪು. ಇದಕ್ಕೆ ನಾನು ಮೊದಲು ಕರೆಯುವ ಸಾಕ್ಷಿ ಅದೇ ಜೆ-35.

ಜೆ-35 ಹುಟ್ಟಿದ್ದು ಸೋತ ಮನೆಯಲ್ಲಿ. ಚೀನಾ ತನ್ನ ವಾಯುಪಡೆಗೆ ಭಾರೀ ಸ್ಟೆಲ್ತ್ ವಿಮಾನ ಬೇಕೆಂದು ಹೊರಟಾಗ ಅಲ್ಲಿನ ಎರಡು ವಿಮಾನ ಸಂಸ್ಥೆಗಳು ಪೈಪೋಟಿಗೆ ಇಳಿದವು. ಗೆದ್ದದ್ದು ಚೆಂಗ್ಡು, ಅದರ ಫಲ ಜೆ-20. ಸೋತದ್ದು ಶೆನ್ಯಾಂಗ್. ಸೋತ ಶೆನ್ಯಾಂಗ್ ಕೈಕಟ್ಟಿ ಕೂರಲಿಲ್ಲ; ವಾಯುಪಡೆ ಕೇಳದಿದ್ದರೂ ಚಿಕ್ಕದೊಂದು ಸ್ಟೆಲ್ತ್ ವಿಮಾನ ಕಟ್ಟಿತು. ಎಫ್‌ಸಿ-31 ಎಂಬ ಆ ವಿಮಾನ 2012ರ ಅಕ್ಟೋಬರ್ 31ರಂದು ಮೊದಲು ಹಾರಿತು. ಅದಕ್ಕೆ ಕೂರಿಸಿದ್ದು ರಷ್ಯದ ಆರ್‌ಡಿ-93 ಎಂಜಿನ್. 2014ರ ಝುಹಾಯ್ ಪ್ರದರ್ಶನದಲ್ಲಿ ಅದು ಹಿಂದೆ ಕಪ್ಪು ಹೊಗೆ ಬಿಡುತ್ತ ಹಾರಿದ್ದನ್ನು ಜಗತ್ತಿನ ಪತ್ರಕರ್ತರೆಲ್ಲ ಕಂಡರು. ಕೊಳ್ಳಲು ಹೊರದೇಶದವರು ಯಾರೂ ಮುಂದೆ ಬರಲಿಲ್ಲ. ಆಗ ಚೀನಾದ ವಾಯುಪಡೆಯೂ ಬರಲಿಲ್ಲ. ನಮ್ಮಲ್ಲಾಗಿದ್ದರೆ ಆ ಹೊತ್ತಿಗೆ "ವಿಫಲ ಯೋಜನೆ" ಎಂಬ ಮುದ್ರೆ ಒತ್ತಿ ಕಡತ ಕಟ್ಟಿಡುತ್ತಿದ್ದರು. ಅವರು 2016ರಲ್ಲಿ ತಿದ್ದಿದ ಎರಡನೆಯ ಮಾದರಿ ಹಾರಿಸಿದರು. ಮತ್ತೆ ಐದು ವರ್ಷ ಕುಳಿತು ರೆಕ್ಕೆ ಮಡಚುವಂತೆ, ಮುಂಗಾಲು ಕ್ಯಾಟಪಲ್ಟಿನ ಎಳೆತ ತಡೆಯುವಂತೆ ಬದಲಿಸಿ, 2021ರ ಅಕ್ಟೋಬರಿನಲ್ಲಿ ಹಡಗಿನ ಆವೃತ್ತಿಯನ್ನು ಆಕಾಶಕ್ಕೆ ಏರಿಸಿದರು. ಮೊದಲ ಹಾರಾಟದಿಂದ ಫುಜಿಯಾನಿನ ಡೆಕ್ಕಿಗೆ ಹದಿಮೂರು ವರ್ಷ. ನಮ್ಮವರು ಆ ವಿಡಿಯೊದಲ್ಲಿ ಕಂಡದ್ದು ಕೊನೆಯ ಕೆಲವು ಸೆಕೆಂಡುಗಳನ್ನು ಮಾತ್ರ.

ಅದಕ್ಕೂ ಹಿಂದೆ ಜೆ-15ರ ಕತೆ ಇದೆ. ಉಕ್ರೇನಿನಿಂದ ಸಿಕ್ಕ ಸೋವಿಯತ್ ಮಾದರಿಯೊಂದನ್ನು ಎದುರಿಗಿಟ್ಟುಕೊಂಡು ಅದೇ ಶೆನ್ಯಾಂಗ್ ಕಟ್ಟಿದ ನೌಕಾ ವಿಮಾನ ಅದು. 2012ರ ನವೆಂಬರಿನಲ್ಲಿ ಮೊದಲ ಸಲ ಲಿಯಾವ್‌ನಿಂಗ್ ನೌಕೆಯ ಮೇಲೆ ಇಳಿಯಿತು. ಶೆನ್ಯಾಂಗ್ ಸಂಸ್ಥೆಯ ಮುಖ್ಯಸ್ಥ ಲುವೊ ಯಾಂಗ್ ಆ ಪರೀಕ್ಷೆಯ ದಿನಗಳಲ್ಲಿ ಹಡಗಿನಲ್ಲೇ ಇದ್ದರು. ಎಫ್‌ಸಿ-31 ಮೊದಲು ಹಾರಿ ಒಂದು ತಿಂಗಳೂ ಆಗಿರಲಿಲ್ಲ, ಎರಡು ವಿಮಾನಗಳ ಹೊರೆ ಒಬ್ಬ ಮನುಷ್ಯನ ಹೆಗಲ ಮೇಲಿತ್ತು. ನವೆಂಬರ್ 25ರಂದು ಹಡಗು ದಡಕ್ಕೆ ಬಂತು. ಅಂದೇ ಹೃದಯಾಘಾತದಿಂದ ಅವರು ತೀರಿಕೊಂಡರು. ಐವತ್ತೊಂದು ವರ್ಷ. ಮುಂದೆ ಚೀನಾದ್ದೇ ಮಾಧ್ಯಮವೊಂದು ಜೆ-15ನ್ನು ದಡದ ಮೇಲೆ ಒದ್ದಾಡುವ ಮೀನು ಎಂದು ಕರೆಯಿತು. ವಿಮಾನ ಭಾರ ಹೆಚ್ಚು, ಸ್ಕೀ ಜಂಪಿನಿಂದ, ಅಂದರೆ ಡೆಕ್ಕಿನ ಮುಂತುದಿಯಲ್ಲಿ ಮೇಲಕ್ಕೆ ಬಾಗಿದ ಇಳಿಜಾರಿನಿಂದ, ಹಾರುವಾಗ ಹೊರಬಲ್ಲ ಶಸ್ತ್ರ ಕಡಿಮೆ ಎಂಬ ಟೀಕೆ. 2016ರ ಏಪ್ರಿಲಿನಲ್ಲಿ ಹಡಗಿನ ಮೇಲೆ ಇಳಿಯುವ ಅಭ್ಯಾಸದ ವೇಳೆ ನಿಯಂತ್ರಣ ವ್ಯವಸ್ಥೆ ಕೈಕೊಟ್ಟು ಝಾಂಗ್ ಚಾವ್ ಎಂಬ ಪೈಲಟ್ ಪ್ರಾಣ ಬಿಟ್ಟರು. ಅಷ್ಟಾದರೂ ಕಾರ್ಖಾನೆ ನಿಲ್ಲಲಿಲ್ಲ, ತಂಡ ಚದುರಲಿಲ್ಲ. ಭಾರ ಹೆಚ್ಚು ಎಂದು ಬೈಸಿಕೊಂಡ ವಿಮಾನದಲ್ಲಿ ಕಲಿತವರೇ ಜೆ-35 ಮಾಡಿದರು. ಇಲ್ಲಿ ನೆನಪಿಡಿ, "ಭಾರ ಹೆಚ್ಚು" ಎಂಬುದು ನಮ್ಮ ನೌಕಾ ತೇಜಸ್ಸಿನ ಮೇಲೂ ಬಂದ ಅದೇ ದೂರು.

ಚೀನಾದ ರಾಜ್ಯಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅವರ ಹಣದ ಚೀಲವೂ ನಮ್ಮದಕ್ಕಿಂತ ದೊಡ್ಡದು. ಆದರೆ ಪದ್ಧತಿ ಬೇರೆಯಾದ, ಹಣ ಮಿತವಾಗಿದ್ದ ದೇಶವೂ ಇದೇ ದಾರಿ ಹಿಡಿದದ್ದುಂಟು. ಯುರೋಪಿನ ಕೆಲವು ದೇಶಗಳು ಸೇರಿ ಒಂದು ಯುದ್ಧವಿಮಾನ ಮಾಡೋಣ ಎಂದು ಹೊರಟಾಗ 1985ರಲ್ಲಿ ಫ್ರಾನ್ಸ್ ಆ ಕೂಟದಿಂದ ಹೊರಬಂತು. ಹಡಗಿನ ಮೇಲೂ ಇಳಿಯಬಲ್ಲ, ತೂಕ ಕಡಿಮೆ ಇರುವ ವಿಮಾನ ತನಗೆ ಬೇಕು ಎಂಬುದು ಒಂದು ಮುಖ್ಯ ಕಾರಣ. ಒಂಟಿಯಾಗಿ ರಫೇಲ್ ಕಟ್ಟಿತು. 1986ರಲ್ಲಿ ಹಾರಿದ ಆ ವಿಮಾನಕ್ಕೆ ಮೊದಲ ವಿದೇಶಿ ಗಿರಾಕಿ ಸಿಕ್ಕಿದ್ದು 2015ರಲ್ಲಿ. ನಡುವೆ ಫ್ರೆಂಚ್ ನೌಕಾಪಡೆಯ ಪೈಲಟ್‌ಗಳು 1999ರವರೆಗೆ ಅಮೆರಿಕದ ಮುದಿ ಕ್ರುಸೇಡರ್ ವಿಮಾನಗಳಲ್ಲೇ ಹಾರುತ್ತ ಕಾದರು. ಅವರಲ್ಲೂ ಕೊಂಡುಬಿಡೋಣ ಅನ್ನುವವರಿದ್ದರು. ಕೊಳ್ಳದೆ ಉಳಿದದ್ದರ ಫಲವಾಗಿ 2025ರ ಏಪ್ರಿಲ್ 28ರಂದು ನಾವು ಅವರಿಂದ 26 ನೌಕಾ ರಫೇಲ್‌ಗಳಿಗೆ ಸುಮಾರು 63,000 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿದೆವು. ಆ ಖರೀದಿಯನ್ನು ನಾನು ವಿರೋಧಿಸುವುದಿಲ್ಲ. ಇವತ್ತು ಡೆಕ್ ಖಾಲಿ ಬಿಡಲು ಆಗದು, ಒಳ್ಳೆಯ ವಿಮಾನ, ಬರಲಿ. ಆದರೆ ಅದು ಸ್ಟೆಲ್ತ್ ವಿಮಾನವಲ್ಲ, ಮತ್ತು ತಾತ್ಕಾಲಿಕ ಊರುಗೋಲನ್ನೇ ಕಾಲು ಎಂದುಕೊಳ್ಳಬಾರದು.

ಈಗ ಕೊಳ್ಳುವ ಮಾತಿಗೇ ಬರೋಣ. ಏನನ್ನು ಕೊಳ್ಳುವುದು? ಅಮೆರಿಕದ ನೌಕಾ ಸ್ಟೆಲ್ತ್ ವಿಮಾನ ಎಫ್-35ಸಿಗೆ ಕ್ಯಾಟಪಲ್ಟ್ ಬೇಕು. ನಮ್ಮ ಎರಡೂ ನೌಕೆಗಳಲ್ಲಿರುವುದು ಸ್ಕೀ ಜಂಪ್. ಅಲ್ಲಿಂದ ವಿಮಾನ ತನ್ನ ಸ್ವಂತ ಬಲದಿಂದಲೇ ಏರಬೇಕು. ರಷ್ಯದ ಸು-57ಕ್ಕೆ ನೌಕಾ ಆವೃತ್ತಿಯೇ ಇಲ್ಲ. ಜೆ-35ನ್ನು ಕೇಳುವ ಪ್ರಶ್ನೆಯೇ ಇಲ್ಲ. ಉಳಿದದ್ದು ಎಫ್-35ಬಿ, ಹೆಲಿಕಾಪ್ಟರಿನಂತೆ ನೆಟ್ಟಗೆ ಇಳಿಯುವ ವಿಮಾನ. ಅದಕ್ಕೆಂದೇ ಹೊತ್ತ ಯಂತ್ರದ ಭಾರದಿಂದ ಅದರ ಇಂಧನವೂ ಹಾರುವ ದೂರವೂ ಕಡಿಮೆ. ವಿಕ್ರಾಂತ್‌ನ ಡೆಕ್ಕಿಗೆ ಒಪ್ಪುವ ಮಧ್ಯಮ ತೂಕದ ಸ್ಟೆಲ್ತ್ ವಿಮಾನ ಮಾರುವ ಅಂಗಡಿ ಜಗತ್ತಿನಲ್ಲೇ ಇಲ್ಲ. ಇದು ಕೊಳ್ಳೋಣ ಅನ್ನುವವರು ಎದುರಿಸಬೇಕಾದ ಮೊದಲ ಸತ್ಯ, ಅವರ ಲೇಖನಗಳಲ್ಲಿ ಇದರ ಸುಳಿವೇ ಇರುವುದಿಲ್ಲ.

ಎಫ್-35ಬಿ ಆದರೂ ಸಾಕು ಅನ್ನುವವರು 2025ರ ಮಳೆಗಾಲದ ತಿರುವನಂತಪುರವನ್ನು ನೆನಪಿಸಿಕೊಳ್ಳಬೇಕು. ಜೂನ್ 14ರ ರಾತ್ರಿ ಬ್ರಿಟಿಷ್ ನೌಕಾಪಡೆಯ ಒಂದು ಎಫ್-35ಬಿ ಅಲ್ಲಿ ತುರ್ತಾಗಿ ಇಳಿಯಿತು. ಇಳಿದ ಮೇಲೆ ಹೈಡ್ರಾಲಿಕ್ ದೋಷ ಕಂಡುಬಂತು. ವಾರಗಟ್ಟಲೆ ಆ ವಿಮಾನ ಬಯಲಿನಲ್ಲಿ ಮಳೆಗೆ ನೆನೆಯುತ್ತ ನಿಂತಿತ್ತು. ಹ್ಯಾಂಗರಿನ ಒಳಗೆ ನಿಲ್ಲಿಸಿಕೊಳ್ಳಿ ಎಂದು ನಾವು ಕೊಟ್ಟ ಆಹ್ವಾನಕ್ಕೂ ಬ್ರಿಟಿಷರು ಮೊದಲು ಒಪ್ಪಲಿಲ್ಲ. ಬ್ರಿಟನ್ನಿನಿಂದ ತಜ್ಞರ ತಂಡ ಸಲಕರಣೆ ಸಮೇತ ಬಂದ ಮೇಲೆಯೇ ರಿಪೇರಿ ಶುರುವಾಯಿತು. ವಿಮಾನ ಮರಳಿ ಹಾರಿದ್ದು ಜುಲೈ 22ರಂದು. ಎಂತೆಂಥ ಯುದ್ಧವಿಮಾನಗಳನ್ನು ಬಿಚ್ಚಿ ಜೋಡಿಸಿದ ಎಂಜಿನಿಯರುಗಳು ನಮ್ಮ ನೆಲದಲ್ಲೇ ಇದ್ದಾರೆ. ಅವರಿಗೆ ಆ ವಿಮಾನದ ಒಂದು ತಿರುಪನ್ನೂ ಮುಟ್ಟುವ ಹಕ್ಕಿರಲಿಲ್ಲ. ಅದು ಬ್ರಿಟಿಷರ ಸ್ವತ್ತು, ಆದ್ದರಿಂದ ತಪ್ಪೇನಿಲ್ಲ. ಆದರೆ ಬ್ರಿಟಿಷರಿಗೂ ಆ ವಿಮಾನ ಪೂರ್ತಿ ಸ್ವಂತವಲ್ಲ. ಅದರ ಸಾಫ್ಟ್‌ವೇರ್, ಬಿಡಿಭಾಗ, ಮೇಲ್ದರ್ಜೆಗೇರಿಸುವ ಅಧಿಕಾರದ ಬೀಗದ ಕೈ ಅಮೆರಿಕದ ಬಳಿ ಇದೆ. ಟರ್ಕಿ ಆ ವಿಮಾನದ ಭಾಗಗಳನ್ನು ತನ್ನ ಕಾರ್ಖಾನೆಗಳಲ್ಲಿ ತಯಾರಿಸುತ್ತಿದ್ದ ಪಾಲುದಾರ ದೇಶವಾಗಿತ್ತು. ರಷ್ಯದಿಂದ ಎಸ್-400 ವಾಯುರಕ್ಷಣಾ ಕ್ಷಿಪಣಿ ವ್ಯವಸ್ಥೆ ಕೊಂಡ ತಪ್ಪಿಗೆ 2019ರ ಜುಲೈನಲ್ಲಿ ಅದನ್ನು ಯೋಜನೆಯಿಂದ ಹೊರಗೆ ಹಾಕಿದರು. ಅದೇ ಎಸ್-400 ನಮ್ಮಲ್ಲೂ ಇದೆ.

ಪರರ ವಿಮಾನ ಕೊಂಡರೆ ತಕ್ಷಣದ ತೊಂದರೆಯಾದರೂ ತಪ್ಪುತ್ತದೆ ಎಂಬ ನಂಬಿಕೆಗೂ ದಾಖಲೆ ಆಸರೆ ಕೊಡುವುದಿಲ್ಲ. ನಾವು ಕೊಂಡ 45 ಮಿಗ್-29ಕೆಗಳ ಬಗ್ಗೆ 2016ರ ಸಿಎಜಿ ವರದಿ ಓದಿ. ಸೇವೆಗೆ ಸೇರಿದಂದಿನಿಂದ 65 ಎಂಜಿನ್‌ಗಳಲ್ಲಿ 40 ವಿನ್ಯಾಸದ ದೋಷಗಳಿಂದಾಗಿ ಹಿಂದಕ್ಕೆ ಹೋಗಿದ್ದವು. ಹಾರಾಟಕ್ಕೆ ಸಿದ್ಧವಿರುವ ಒಂಟಿ ಆಸನದ ವಿಮಾನಗಳ ಪ್ರಮಾಣ ಒಂದು ಹಂತದಲ್ಲಿ ಶೇ 16ಕ್ಕೂ ಕೆಳಗಿತ್ತು, ಒಳ್ಳೆಯ ದಿನಗಳಲ್ಲೂ ಶೇ 38 ದಾಟಲಿಲ್ಲ. ಮಿಗ್‌ನ ಈ ಅವಸ್ಥೆಗೆ ಯಾರೂ "ಇನ್ನು ಆಮದೇ ಬೇಡ" ಎಂದು ಲೇಖನ ಬರೆಯಲಿಲ್ಲ. ಕೊಂಡದ್ದು ಕೆಟ್ಟರೆ ಅದು ಒಂದು ವಿಮಾನದ ಸಮಸ್ಯೆ. ನಾವು ಮಾಡಿದ್ದು ತಡವಾದರೆ ಇಡೀ ದೇಶದ ಅಸಾಮರ್ಥ್ಯ. ಈ ತಕ್ಕಡಿಯೇ ಸರಿಯಿಲ್ಲ.

ನೌಕಾ ತೇಜಸ್ಸಿಗೆ ಬರುತ್ತೇನೆ, ಈ ಇಡೀ ವಾದ ನಿಂತಿರುವುದೇ ಅದರ "ಸೋಲಿನ" ಮೇಲೆ. 2003ರಲ್ಲಿ ಸುಮಾರು 950 ಕೋಟಿ ರೂಪಾಯಿಗೆ ಮಂಜೂರಾದ ಯೋಜನೆ, ಖರ್ಚು ಆಮೇಲೆ ಬೆಳೆಯಿತು. ಬೆಂಗಳೂರಿನ ಎಡಿಎ ವಿನ್ಯಾಸ, ಎಚ್‌ಎಎಲ್ ತಯಾರಿಕೆ. ಮೊದಲ ಮಾದರಿ 2012ರ ಏಪ್ರಿಲ್ 27ರಂದು, ಎರಡನೆಯದು 2015ರ ಫೆಬ್ರುವರಿಯಲ್ಲಿ ಹಾರಿದವು. 2016ರ ಡಿಸೆಂಬರಿನಲ್ಲಿ ಅಂದಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ, ಈ ವಿಮಾನ ಭಾರವಾಗಿದೆ, ನೌಕೆಯಿಂದ ಹಾರಲು ನಮಗೆ ಬೇಕಾದ ಸಾಮರ್ಥ್ಯ ಇದಕ್ಕಿಲ್ಲ, ಸದ್ಯಕ್ಕೆ ಹೊರಗಿನಿಂದ ತರುತ್ತೇವೆ ಎಂದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಒಂದೇ ಎಂಜಿನ್ನಿನ ಆ ಪುಟ್ಟ ವಿಮಾನ ತುಂಬು ಶಸ್ತ್ರ ಹೊತ್ತು ಸ್ಕೀ ಜಂಪ್ ಏರುವುದು ಕಷ್ಟ. ಆದರೆ ಅದೇ ಅಡ್ಮಿರಲ್ ಯೋಜನೆಗೆ ಬೆಂಬಲ ನಿಲ್ಲಿಸುವುದಿಲ್ಲ ಎಂದೂ ಹೇಳಿದ್ದರು. ಜನರ ನೆನಪಿನಲ್ಲಿ ಉಳಿದದ್ದು ಮೊದಲರ್ಧ ಮಾತ್ರ.

ಹಡಗಿನ ಮೇಲೆ ಇಳಿಯುವುದೆಂದರೆ ಏನು ಎಂಬುದನ್ನು ಹತ್ತಿರದಿಂದ ನೋಡದೆ ಈ ಯೋಜನೆಯ ಬೆಲೆ ಅರ್ಥವಾಗದು. ನೆಲದ ರನ್‌ವೇಗೆ ಬರುವ ಪೈಲಟ್ ಕೊನೆಯ ಕ್ಷಣದಲ್ಲಿ ಮೂತಿ ಎತ್ತಿ ಮೆತ್ತಗೆ ಇಳಿಸುತ್ತಾನೆ. ಹಡಗಿನಲ್ಲಿ ಆ ಸೌಜನ್ಯಕ್ಕೆ ಜಾಗವಿಲ್ಲ. ಅಲೆಗಳ ಮೇಲೆ ಏಳುತ್ತ ಬೀಳುತ್ತ ಮುಂದೆ ಸಾಗುತ್ತಿರುವ ಡೆಕ್ಕಿಗೆ ವಿಮಾನ ಬಂದ ಕೋನದಲ್ಲೇ ಅಪ್ಪಳಿಸಬೇಕು. ಕೆಳಗಿಳಿಯುವ ವೇಗ ನೆಲದ ವಿಮಾನದ ಎರಡು ಪಟ್ಟಿಗೂ ಮಿಕ್ಕು, ಆ ಏಟನ್ನೆಲ್ಲ ಲ್ಯಾಂಡಿಂಗ್ ಗೇರ್ ನುಂಗಬೇಕು. ಬಾಲದ ಕೊಕ್ಕೆ ಡೆಕ್ಕಿಗೆ ಅಡ್ಡ ಬಿಗಿದ ಉಕ್ಕಿನ ತಂತಿಗಳಲ್ಲಿ ಒಂದನ್ನು ಹಿಡಿಯಬೇಕು. ಹಿಡಿದರೆ ಗಂಟೆಗೆ ಸುಮಾರು 240 ಕಿ.ಮೀ. ವೇಗದ ವಿಮಾನ ಸುಮಾರು 90 ಮೀಟರಿನೊಳಗೆ ನಿಲ್ಲುತ್ತದೆ. ಹಿಡಿಯದಿದ್ದರೆ ಮತ್ತೆ ಹಾರಿಹೋಗಬೇಕು. ಅದಕ್ಕಾಗಿ ಚಕ್ರ ಡೆಕ್ ಮುಟ್ಟಿದ ಕೂಡಲೇ ಪೈಲಟ್ ಎಂಜಿನ್ನನ್ನು ಪೂರ್ತಿ ಬಲಕ್ಕೆ ತಳ್ಳುತ್ತಾನೆ. ನಿಲ್ಲುವ ಹೊತ್ತಿನಲ್ಲಿ ಓಡುವ ಸಿದ್ಧತೆ.

ಆ ಕೊಕ್ಕೆಯೊಂದೇ ಎಷ್ಟು ಕಾಡುತ್ತದೆ ಎಂಬುದನ್ನು ಅಮೆರಿಕವನ್ನೇ ಕೇಳಬೇಕು. ಎಫ್-35 ವಿನ್ಯಾಸಕ್ಕೆ ಬೋಯಿಂಗ್ ಮತ್ತು ಲಾಕ್‌ಹೀಡ್ ನಡುವೆ ನಡೆದ ಪೈಪೋಟಿ 2001ರ ಅಕ್ಟೋಬರಿನಲ್ಲಿ ಮುಗಿಯಿತು, ಲಾಕ್‌ಹೀಡ್ ಗೆದ್ದಿತು. ಹತ್ತು ವರ್ಷದ ಮೇಲೆ, 2011ರಲ್ಲಿ, ನೌಕಾ ಆವೃತ್ತಿಯನ್ನು ನ್ಯೂಜೆರ್ಸಿಯ ಲೇಕ್‌ಹರ್ಸ್ಟ್‌ನಲ್ಲಿ ನೆಲದ ಮೇಲೆಯೇ ಓಡಿಸಿ ತಂತಿ ಹಿಡಿಸುವ ಪರೀಕ್ಷೆ ಮಾಡಿದರು. ಎಂಟು ಸಲ ಪ್ರಯತ್ನ, ಎಂಟು ಸಲವೂ ಕೊಕ್ಕೆಗೆ ತಂತಿ ಸಿಗಲಿಲ್ಲ. ಕಾರಣ ಸ್ಟೆಲ್ತ್. ಕೊಕ್ಕೆ ಹೊರಗೆ ನೇತಾಡಿದರೆ ರೇಡಾರಿಗೆ ಕಾಣುತ್ತದೆ ಎಂದು ಅದನ್ನು ಹೊಟ್ಟೆಯೊಳಗೆ ಅಡಗಿಸಿದ್ದರು, ಹಾಗಾಗಿ ಅದು ಹಿಂಗಾಲಿನ ಚಕ್ರಕ್ಕೆ ತೀರ ಹತ್ತಿರ, ಸುಮಾರು ಏಳು ಅಡಿ ಅಂತರದಲ್ಲಿ ಬಂತು. ಚಕ್ರ ಹತ್ತಿದಾಗ ತಂತಿ ನೆಲಕ್ಕೆ ಅಂಟುತ್ತದೆ. ಅದು ಮತ್ತೆ ಮೇಲೇಳುವ ಮೊದಲೇ ಕೊಕ್ಕೆ ದಾಟಿ ಹೋಗುತ್ತಿತ್ತು. ಹೊಸ ಕೊಕ್ಕೆ ಮಾಡಿ ನಿಜವಾದ ಹಡಗಿನ ಮೇಲೆ ಇಳಿಸಿದ್ದು 2014ರ ನವೆಂಬರಿನಲ್ಲಿ. ನೂರು ವರ್ಷದ ನೌಕಾ ವಿಮಾನ ಪರಂಪರೆ ಇರುವ ದೇಶದ ಕತೆ ಇದು. ಅದಕ್ಕೂ ಮೊದಲು ಎ-12 ಎಂಬ ನೌಕಾ ಸ್ಟೆಲ್ತ್ ವಿಮಾನವನ್ನು ಒಮ್ಮೆಯೂ ಹಾರಿಸದೆ 1991ರಲ್ಲಿ ಅವರು ರದ್ದು ಮಾಡಿದ್ದರು, ಅದರ ಮೊಕದ್ದಮೆ 2014ರವರೆಗೆ ನಡೆಯಿತು. ಅಲ್ಲಿ ಯಾರೂ "ನಮ್ಮ ಕೈಲಾಗದು" ಅನ್ನಲಿಲ್ಲ.

ಇಷ್ಟು ತಿಳಿದು 2020ರ ಜನವರಿ 11ರ ಶನಿವಾರದ ಬೆಳಗನ್ನು ನೋಡಿ. ಕಮೊಡೋರ್ ಜೈದೀಪ್ ಮಾವ್ಲಂಕರ್ ನೌಕಾ ತೇಜಸ್ಸನ್ನು ಐಎನ್‌ಎಸ್ ವಿಕ್ರಮಾದಿತ್ಯದ ಮೇಲೆ ಇಳಿಸಿದರು. ಕೊಕ್ಕೆ ತಂತಿ ಹಿಡಿಯಿತು, ವಿಮಾನ ನಿಂತಿತು. ಮರುದಿನ ಅದೇ ಡೆಕ್ಕಿನ ಸ್ಕೀ ಜಂಪಿನಿಂದ ಮೇಲೇರಿತು. 2023ರ ಫೆಬ್ರುವರಿಯಲ್ಲಿ ವಿಕ್ರಾಂತ್ ಮೇಲೂ ಇಳಿಯಿತು. ತಾವೇ ವಿನ್ಯಾಸ ಮಾಡಿದ ಯುದ್ಧವಿಮಾನವನ್ನು ಹಡಗಿನ ಮೇಲೆ ತಂತಿ ಹಿಡಿಸಿ ನಿಲ್ಲಿಸಿದ ದೇಶಗಳನ್ನು ಬೆರಳಲ್ಲಿ ಎಣಿಸಬಹುದು. ಆ ಎಣಿಕೆಗೆ ನಾವು ಸೇರಿದ ದಿನ ಅದು. ಪೈಲಟ್‌ಗೆ ಡೆಕ್ ಕಾಣಲೆಂದು ಕೆಳಕ್ಕೆ ಬಾಗಿಸಿದ ಮೂತಿ, ನಿಧಾನ ವೇಗದಲ್ಲೂ ವಿಮಾನವನ್ನು ಹಿಡಿತದಲ್ಲಿಡಲು ರೆಕ್ಕೆಯ ಬುಡದಲ್ಲಿ ಸೇರಿಸಿದ ಹೊಸ ಹಲಗೆಗಳು, ಏಟು ತಡೆಯುವ ಕಾಲು, ಪೈಲಟ್ ಕೋಲು ಮುಟ್ಟದೆಯೇ ಸ್ಕೀ ಜಂಪ್ ಏರಿಸುವ ಸಾಫ್ಟ್‌ವೇರ್ ಎಲ್ಲವೂ ಬೆಂಗಳೂರಿನ ಮೇಜುಗಳ ಮೇಲೆ ಹುಟ್ಟಿದವು. 1998ರ ಅಣುಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿ, ಅಲ್ಲಿ ತೇಜಸ್ಸಿನ ನಿಯಂತ್ರಣ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತಿದ್ದ ನಮ್ಮ ತಂಡವನ್ನು ವಾಪಸು ಕಳುಹಿಸಿತ್ತು. ಬರಿಗೈಯಲ್ಲಿ ಬಂದವರು ಇಲ್ಲೇ ಅದನ್ನು ಪೂರೈಸಿ 2001ರ ಜನವರಿ 4ರಂದು ತೇಜಸ್ಸನ್ನು ಹಾರಿಸಿದರು. ಹಡಗಿನ ಮೇಲೆ ಇಳಿದದ್ದು ಆ ಸಾಧನೆಯ ಮುಂದುವರಿಕೆ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಗೋವಾದ ಐಎನ್‌ಎಸ್ ಹಂಸಾದಲ್ಲಿ ನೌಕಾ ತೇಜಸ್ಸಿಗೆಂದು ನೆಲದ ಮೇಲೆ ಒಂದು ಸ್ಕೀ ಜಂಪ್, ತಂತಿಗಳ ವ್ಯವಸ್ಥೆ ಕಟ್ಟಿದರು. 2022ರಲ್ಲಿ ರಫೇಲ್ ಮತ್ತು ಅಮೆರಿಕದ ಸೂಪರ್ ಹಾರ್ನೆಟ್ ನಮ್ಮ ಗುತ್ತಿಗೆಗೆ ಪೈಪೋಟಿ ನಡೆಸಿದಾಗ, ಸ್ಕೀ ಜಂಪಿನಿಂದ ಹಾರಬಲ್ಲೆವು ಎಂದು ಸಾಬೀತು ಮಾಡಲು ಎರಡೂ ವಿಮಾನಗಳು ಬಂದದ್ದು ಅದೇ ಜಾಗಕ್ಕೆ. ನಮ್ಮ ಷರತ್ತಿನ ಮೇಲೆ, ನಮ್ಮ ಕಣ್ಣೆದುರು ಅವರನ್ನು ಪರೀಕ್ಷಿಸುವ ಶಕ್ತಿ ನಮಗೆ ಬಂದದ್ದು "ಸೋತ" ಯೋಜನೆಯಿಂದ. ಏನೂ ಮಾಡಲು ಬಾರದವನು ಒಳ್ಳೆಯದನ್ನು ಕೊಳ್ಳಲೂ ಆರ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ವಿಮಾನ ನಿಂತಿದೆ. ಶಾಲೆಯ ಪ್ರವಾಸದಲ್ಲಿ ಅದರ ಮೂತಿಯ ಕೆಳಗೆ ನಿಂತು ಫೋಟೊ ತೆಗೆಸಿಕೊಂಡಿದ್ದೆ. ಅದರ ಕತೆ ಗೊತ್ತಾದದ್ದು ದೊಡ್ಡವನಾದ ಮೇಲೆ. ಅದು ಎಚ್‌ಎಫ್-24 ಮಾರುತ. ಜರ್ಮನಿಯ ಕುರ್ಟ್ ಟಾಂಕ್ ನೇತೃತ್ವದಲ್ಲಿ ಎಚ್‌ಎಎಲ್ ಮಾಡಿ 1961ರ ಜೂನ್ 17ರಂದು ಹಾರಿಸಿತು. ಶಬ್ದದ ಎರಡು ಪಟ್ಟು ವೇಗಕ್ಕೆಂದು ರೂಪಿಸಿದ ಮೈಮಾಟ ಅದರದ್ದು. ಅದಕ್ಕೆ ಬೇಕಾದ ಎಂಜಿನ್ ಅಭಿವೃದ್ಧಿಗೆ ಬ್ರಿಟಿಷ್ ಕಂಪನಿ ಹಣ ಕೇಳಿತು, ನಾವು ಕೊಡಲಿಲ್ಲ. ದುರ್ಬಲ ಆರ್ಫಿಯಸ್ ಎಂಜಿನ್ನಿನಲ್ಲೇ ಅದು ಹಾರಿತು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕಾದಿತು, 147 ವಿಮಾನಗಳಾದ ಮೇಲೆ ನಿಂತಿತು. ಅದರ ಮುಂದಿನ ಪೀಳಿಗೆ ಬರಲಿಲ್ಲ. ತಂಡದವರು ನಿವೃತ್ತರಾದರು, ಚದುರಿದರು. 1983ರಲ್ಲಿ ತೇಜಸ್ ಯೋಜನೆ ಶುರುವಾದಾಗ ಅಕ್ಷರಾಭ್ಯಾಸದಿಂದ ಆರಂಭಿಸಬೇಕಾಯಿತು. ತೇಜಸ್ ಏಕೆ ತಡವಾಯಿತು ಎಂದು ಕೇಳುವವರಿಗೆ ಅರ್ಧ ಉತ್ತರ ಆ ಅಂಗಳದಲ್ಲೇ ನಿಂತಿದೆ. ಜಲಾಂತರ್ಗಾಮಿಯಲ್ಲೂ ಇದೇ ಆಯಿತು. ಮುಂಬೈಯ ಮಝಗಾಂವ್ ಡಾಕ್‌ನಲ್ಲಿ ಜರ್ಮನ್ ವಿನ್ಯಾಸದ ಶಾಲ್ಕಿ, ಶಂಕುಲ್ ಕಟ್ಟಿ ಕಲಿತ ವೆಲ್ಡರುಗಳ ಕೈಗೆ ಆ ಖರೀದಿಯ ಹಗರಣದ ಗದ್ದಲದಲ್ಲಿ ಕೆಲಸ ಇಲ್ಲದಾಯಿತು. 2005ರಲ್ಲಿ ಸ್ಕಾರ್ಪೀನ್ ಒಪ್ಪಂದವಾದಾಗ ಮತ್ತೆ ಮೊದಲಿನಿಂದ ಕಲಿತದ್ದಾಯಿತು.

ನಮ್ಮ ನೌಕಾಪಡೆಗೆ ಈ ಪಾಠ ಹೊಸದಲ್ಲ, ಹಡಗಿನ ವಿಷಯದಲ್ಲಿ ಅದು ಇದನ್ನು ಬೇರೆ ಯಾರಿಗಿಂತ ಚೆನ್ನಾಗಿ ಬಲ್ಲದು. 1972ರಲ್ಲಿ ಬ್ರಿಟಿಷ್ ವಿನ್ಯಾಸದ ನೀಲಗಿರಿ ಫ್ರಿಗೇಟನ್ನು ಇಲ್ಲಿ ಕಟ್ಟಿದಾಗ ಅದರಲ್ಲಿ ನಮ್ಮದೆನ್ನುವ ಭಾಗ ಕಡಿಮೆಯೇ ಇತ್ತು. ನೌಕಾಪಡೆ ಇದು ಬೇಡ ಅನ್ನಲಿಲ್ಲ. ಅದೇ ಸಾಲಿನ ಆರು ಹಡಗು ಕಟ್ಟಿತು, ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ತಿದ್ದಿತು. 1983ರಲ್ಲಿ ಸ್ವಂತ ವಿನ್ಯಾಸದ ಗೋದಾವರಿ ಬಂತು. ನೌಕಾಪಡೆಯ ಒಳಗೇ ವಿನ್ಯಾಸಕಾರರ ವಿಭಾಗ ಇತ್ತು, ಹಡಗಿನ ತಪ್ಪು ಅವರ ತಪ್ಪೇ ಆಗಿತ್ತು. 262 ಮೀಟರ್ ಉದ್ದದ ವಿಕ್ರಾಂತ್ 2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿದ್ದು ಆ ಐವತ್ತು ವರ್ಷದ ತಾಳ್ಮೆಯಿಂದ. ತೇಜಸ್ಸಿಗೆ ನೌಕಾಪಡೆ ಹಣ ಕೊಟ್ಟಿತು, ತನ್ನ ಅತ್ಯುತ್ತಮ ಪೈಲಟ್‌ಗಳನ್ನೂ ಕೊಟ್ಟಿತು, ಅದನ್ನು ಮರೆಯಬಾರದು. ಹಡಗಿಗೆ ಕೊಟ್ಟ ಆ ಐವತ್ತು ವರ್ಷವನ್ನು ವಿಮಾನಕ್ಕೆ ಕೊಡಲಿಲ್ಲ. ಮೊದಲ ವಿಮಾನವೇ ಪರಿಪೂರ್ಣವಾಗಿರಬೇಕು ಎಂದು ಬಯಸಿತು.

ತಡವಾದದ್ದು ಸುಳ್ಳಲ್ಲ. ಎಡಿಎ ಕೊಟ್ಟ ದಿನಾಂಕಗಳು ಒಂದರ ಮೇಲೊಂದು ತಪ್ಪಿವೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಚಟ ನಮ್ಮ ಸಂಸ್ಥೆಗಳಿಗಿದೆ. ಪ್ರತಿ ಏರ್ ಶೋನಲ್ಲೂ ಹೊಸ ಮಾದರಿ, ಹೊಸ ವರ್ಷ ಘೋಷಿಸುವುದರಿಂದ ಜನರ ನಂಬಿಕೆ ಸವೆದಿದೆ. ಕಾವೇರಿ ಎಂಜಿನ್ 1989ರಲ್ಲಿ ಶುರುವಾಗಿ 2008ರಲ್ಲಿ ತೇಜಸ್ಸಿನಿಂದ ಬೇರ್ಪಟ್ಟಿತು. ಇಂದಿಗೂ ತೇಜಸ್ಸಿನ ಹೃದಯ ಅಮೆರಿಕದ್ದು, ಅಲ್ಲಿಂದ ಎಂಜಿನ್ ತಡವಾದರೆ ಇಲ್ಲಿ ವಿಮಾನ ನಿಲ್ಲುತ್ತದೆ. 2025ರ ನವೆಂಬರಿನಲ್ಲಿ ದುಬೈ ಪ್ರದರ್ಶನದಲ್ಲಿ ತೇಜಸ್ ಬಿದ್ದು ಪೈಲಟ್ ತೀರಿಕೊಂಡಾಗ ಅದನ್ನು ಕಟ್ಟಿದವರ ಮನೆಗಳಲ್ಲೂ ಅಂದು ಒಲೆ ಉರಿದಿರಲಾರದು. ಇದೆಲ್ಲ ಹೊಣೆಗಾರಿಕೆ ಬಿಗಿ ಮಾಡಲು ಕಾರಣ. ಕೆಲಸ ಬಿಡಲು ಕಾರಣವಲ್ಲ. ಚೀನಾದ ಡಬ್ಲ್ಯುಎಸ್-10 ಎಂಜಿನ್ ಕೂಡ 1980ರ ದಶಕದಲ್ಲಿ ಆರಂಭವಾಗಿ ನಂಬಿಕೆಗೆ ಅರ್ಹವಾಗಲು ಎರಡು ದಶಕಕ್ಕೂ ಹೆಚ್ಚು ಹಿಡಿಯಿತು, ಅವರು ಅದಕ್ಕೆ ಹಣ ಸುರಿಯುವುದನ್ನು ನಿಲ್ಲಿಸಲಿಲ್ಲ ಅಷ್ಟೆ.

ಹಾಗಾದರೆ ಈಗ ಮಾಡಬೇಕಾದದ್ದೇನು? ಎರಡು ಎಂಜಿನ್ನಿನ ನೌಕಾ ಯುದ್ಧವಿಮಾನ ಟಿಇಡಿಬಿಎಫ್ ವಿನ್ಯಾಸ ಎಡಿಎ ಬಳಿ ಇದೆ. ಸುಮಾರು 26 ಟನ್ನಿನದು, ವಿಕ್ರಾಂತ್ ಡೆಕ್ಕಿಗೆಂದೇ ಅಳತೆ ತೆಗೆದದ್ದು. ಪೂರ್ತಿ ಸ್ಟೆಲ್ತ್ ಅಲ್ಲ. ಅದಕ್ಕೇ ಅದನ್ನು ಹಳೆಯ ಪೀಳಿಗೆಯದು ಎಂದು ತಳ್ಳಿಹಾಕುವವರಿದ್ದಾರೆ. ಇನ್ನೊಂದು ಕಡೆ ವಾಯುಪಡೆಗೆ ಎಎಂಸಿಎ ಎಂಬ ಮಧ್ಯಮ ತೂಕದ ಸ್ಟೆಲ್ತ್ ವಿಮಾನ. ಅದಕ್ಕೆ 2024ರ ಮಾರ್ಚಿನಲ್ಲಿ 15,000 ಕೋಟಿ ರೂಪಾಯಿ ಮಂಜೂರಾಗಿದೆ, ಎಂಜಿನ್ನಿಗೆ ಫ್ರಾನ್ಸಿನ ಸಾಫ್ರಾನ್ ಜೊತೆ ಕೈಜೋಡಿಸುವುದಾಗಿ ರಕ್ಷಣಾ ಸಚಿವರು 2025ರ ಆಗಸ್ಟಿನಲ್ಲಿ ಹೇಳಿದ್ದಾರೆ. ಎರಡೂ ಒಂದೇ ಊರಿನ ಒಂದೇ ಸಂಸ್ಥೆಯ ಕೆಲಸ. ಎಎಂಸಿಎಯ ರೇಡಾರ್, ಎಂಜಿನ್, ಒಳಗಿನ ಶಸ್ತ್ರಕೋಶದ ಅನುಭವ ನೌಕಾ ವಿಮಾನಕ್ಕೆ ಹರಿಯಬೇಕಾದರೆ ಎರಡೂ ಜೊತೆಯಲ್ಲೇ ಬೆಳೆಯಬೇಕು. ವಾಯುಪಡೆಯ ಅಗತ್ಯಗಳ ಸುತ್ತ ಕಟ್ಟಿದ ವಿನ್ಯಾಸವನ್ನೇ ಹಡಗಿಗೂ ಒಗ್ಗಿಸಲು ಹೊರಟ ಅಮೆರಿಕದ ಎಫ್-111ಬಿ ಏಳೇ ವಿಮಾನಗಳಲ್ಲಿ ನಿಂತುಹೋಯಿತು. ಅದರ ಮೈಗೆ ಹಡಗು ಒಗ್ಗಲಿಲ್ಲ. ಡೆಕ್ಕಿನ ಏಟು ತಾಳುವ ಎಲುಬು ಹುಟ್ಟಿನಿಂದಲೇ ಬರಬೇಕು.

ಕಾರವಾರದ ಕಡಲ ತಡಿಯಲ್ಲಿ ವಿಕ್ರಮಾದಿತ್ಯ ಲಂಗರು ಹಾಕುವ ಐಎನ್‌ಎಸ್ ಕದಂಬ ಇದೆ. ಆ ನೆಲೆಗೆಂದು ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನು ಹಿಡಿಯುವ ತೀರ ಬಿಟ್ಟು ಎದ್ದವು. ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದವರು ಅವರಲ್ಲಿದ್ದಾರೆ. ಆ ಹಡಗಿನ ಡೆಕ್ಕಿನ ಮೇಲೆ ನಿಲ್ಲುವ ವಿಮಾನ ಯಾರದ್ದು, ಅದರ ಬೀಗದ ಕೈ ಯಾರ ಬಳಿ ಎಂದು ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ಅವರಿಗಿದೆ.

ಇದನ್ನು ಬರೆಯುವ ಹೊತ್ತಿಗೆ ಟಿಇಡಿಬಿಎಫ್‌ಗೆ ಸಂಪುಟ ಸಮಿತಿಯ ಪೂರ್ಣ ಮಂಜೂರಾತಿ ಸಿಕ್ಕಿಲ್ಲ. ಇದುವರೆಗೆ ಹಾರಿದ ನೌಕಾ ತೇಜಸ್ ಬೆರಳೆಣಿಕೆಯಷ್ಟು, ಅವುಗಳಲ್ಲಿ ಕಲಿತವರು ಇನ್ನೂ ಬೆಂಗಳೂರು, ಗೋವಾಗಳಲ್ಲಿ ಕೆಲಸದಲ್ಲಿದ್ದಾರೆ. ಅವರು ನಿವೃತ್ತರಾಗುವ ಮುಂಚೆ ಆ ಕಡತಕ್ಕೆ ಸಹಿ ಬೀಳಬೇಕು.